ಹತ್ತಕ್ಕೆ ಹತ್ತು

ರೋಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿರುವ ರೊಟ್ಟಿ ಕೇಂದ್ರದಲ್ಲಿ ಯಾರಿಗೆ ಏನು ತಿಳಿಯದಿದ್ದರೂ ರಮಾಬಾಯಿಯನ್ನು ಕೇಳುವುದು ರೂಢಿ. ಮೊಬೈಲಿಗೆ ಬಂದ ಸಂದೇಶ ಅವಳೇ ಓದಬೇಕು, ಔಷಧಿ ಬಾಟಲಿಯ ಮೇಲಿನ ಅಕ್ಷರ ಅವಳೇ ಬಿಡಿಸಬೇಕು, ಮದುವೆಗೆ ಖಡಕ್ ರೊಟ್ಟಿ ಬೇಕೆಂದು ಬಂದವರೊಡನೆ ಅವಳೇ ಮಾತಾಡಬೇಕು. ಅಲ್ಲಿನ ಹೆಂಗಸರಲ್ಲಿ ಏಳನೆಯ ಇಯತ್ತೆ ಪಾಸಾದವಳು ಅವಳೊಬ್ಬಳೇ. ಪಾಸಾಗಿ ನಲವತ್ತು ವರ್ಷದ ಮೇಲಾಗಿತ್ತು, ಆದರೆ ಆ ಪಾಸಿನ ಬಿಸಿ ಇನ್ನೂ ಆರಿರಲಿಲ್ಲ. "ಸುಮ್ಮನಿರ್ರಿ, ನಿಮಗ ಗೊತ್ತಾಗಂಗಿಲ್ಲ" ಎನ್ನುವ ಮಾತು ಅವಳ ಬಾಯಿಂದ ದಿನಕ್ಕೆ ಹತ್ತಾರು ಸಲ ಬರುತ್ತಿತ್ತು. ಯಾರಿಗೂ ಅದರಿಂದ ಬೇಜಾರಿರಲಿಲ್ಲ. ಯಾರೋ ಒಬ್ಬರಿಗಾದರೂ ಗೊತ್ತಿದೆಯಲ್ಲ ಎಂದು ಅವರು ನೆಮ್ಮದಿಯಿಂದಿದ್ದರು.

ನರಗುಂದದ ಜಬೀನ ಆ ಕೇಂದ್ರಕ್ಕೆ ಮೊದಲ ಸಲ ಬಂದಾಗಲೂ ನೇರವಾಗಿ ರಮಾಬಾಯಿಯ ಮುಂದೆಯೇ ಕೂತಳು. ವ್ಯಾಯಾಮದಿಂದ ನೋವು ವಾಸಿ ಮಾಡುವ ವಿದ್ಯೆ ಕಲಿತ ಹುಡುಗಿ. ತೆಳ್ಳಗೆ, ತಲೆಯ ಮೇಲೆ ದುಪಟ್ಟಾ, ಮಾತಿಗೊಮ್ಮೆ ನಗು. ಯಾವುದೋ ಕಾಲೇಜಿನ ಡಾಕ್ಟರರು ರೊಟ್ಟಿ ಬಡಿಯುವ ಹೆಂಗಸರ ಹೆಗಲು, ಟೊಂಕದ ನೋವಿನ ಬಗ್ಗೆ ಒಂದು ಅಧ್ಯಯನ ನಡೆಸುತ್ತಿದ್ದರು. ಅದರ ಕೆಲಸಕ್ಕೆ ಇವಳನ್ನು ನೇಮಿಸಿದ್ದರು.

"ಇದೊಂದು ಪರೀಕ್ಷಾರಿ ಅಕ್ಕಾರ," ಎಂದಳು ಜಬೀನ. "ಗುಳಿಗಿ ಇಲ್ಲ, ಸೂಜಿ ಇಲ್ಲ. ಬರೇ ಉಸಿರಾಟ, ಮೈ ಚಾಚೋದು. ಅದರಿಂದ ನೋವು ಕಡಿಮಿ ಆಗ್ತೈತೋ ಇಲ್ಲೋ ನೋಡೋದು. ಚೀಟಿ ಎತ್ತಿವಿ, ನಿಮ್ಮ ಕೇಂದ್ರಕ್ಕ ನನ್ನ ಕ್ಲಾಸ್ ಬಂದೈತಿ. ಗಜೇಂದ್ರಗಡದ ಕೇಂದ್ರಕ್ಕ ಬರೇ ಆರೋಗ್ಯದ ಮಾತು. ಕಡೀಕ ಎರಡೂ ಕಡೆ ಕೇಳಿ ತಾಳೆ ನೋಡ್ತಾರ."

"ನೀನ ಕೇಳ್ತೀಯೇನು?"

"ಇಲ್ರಿ. ನಾ ಕೇಳಿದ್ರ ನೀವು ನನ್ನ ಮಾರಿ ನೋಡಿ ಹೇಳ್ತೀರಿ. ಅದಕ್ಕ ಬ್ಯಾರೇದವ್ರು ಬರ್ತಾರ, ಪ್ರಬುದ್ಧ ಅಂತ."

ರಮಾಬಾಯಿ ತಲೆಯಾಡಿಸಿದಳು. ಅವಳಿಗೆ ಎಲ್ಲವೂ ಥಟ್ಟನೆ ಹೊಳೆದುಬಿಟ್ಟಿತ್ತು. ಪರೀಕ್ಷೆ. ಕಲಿಸುವವರು ಒಬ್ಬರು, ತಿದ್ದುವವರು ಬೇರೆ ಶಾಲೆಯವರು. ಅವಳ ಕಾಲದಲ್ಲಿಯೂ ಹಾಗೆಯೇ ಇತ್ತು. ಪಾಪ, ಹುಡುಗಿಯ ಪರೀಕ್ಷೆ ಇದು ಎಂದುಕೊಂಡಳು. ಅಲ್ಲಿಂದಲೇ ಎಲ್ಲ ಎಡವಟ್ಟು ಶುರುವಾಯಿತು.

ಪ್ರಬುದ್ಧ ಬಂದ. ಒಂದು ಉದ್ದನೆಯ ರಟ್ಟು ತಂದಿದ್ದ. ಅದರ ಮೇಲೆ ಸಾಲಾಗಿ ಮುಖಗಳು, ಒಂದು ತುದಿಗೆ ನಗುವ ಮುಖ, ಇನ್ನೊಂದು ತುದಿಗೆ ಗೊಳೋ ಎಂದು ಅಳುವ ಮುಖ. ನಿಮ್ಮ ನೋವು ಯಾವ ಮುಖದ ಹಾಗಿದೆ ತೋರಿಸಿ ಎಂದ. ಹೆಂಗಸರು ನಕ್ಕು, ನಾಚಿ, ಹಿಟ್ಟಿನ ಬೆರಳಿಟ್ಟು ತೋರಿಸಿದರು. ರಮಾಬಾಯಿ ಅಳುವ ಮುಖಗಳ ಕಡೆ ಬೆರಳಿಟ್ಟಳು. ರಟ್ಟಿನ ಹಿಂಬದಿಗೆ ಅಂಕಿಗಳಿದ್ದವು. ಅವನ್ನು ಅವನು ತಾನೇ ನೋಡಿ ಬರೆದುಕೊಂಡ, ಇವರಿಗೆ ಅದು ಕಾಣಲೇ ಇಲ್ಲ.

ಆಮೇಲೆ ಕ್ಲಾಸು. ಮಧ್ಯಾಹ್ನ ಒಲೆ ಆರಿಸಿ, ಹಂಚು ಇಳಿಸಿ, ಚಾಪೆ ಹಾಸಿ ಮಲಗುವುದು. ತೋಳು ಮೇಲೆತ್ತುವುದು, ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರು ಎಳೆಯುವುದು. "ಎಲ್ಲಿ ನೋವೈತಿ ಅಲ್ಲಿಗೆ ಉಸಿರು ಕಳಸ್ರಿ" ಎನ್ನುತ್ತಿದ್ದಳು ಜಬೀನ. "ಅಲ್ಲೀತನಕ ಹ್ಯಾಂಗ ಹೋಗ್ತೈತವ್ವ, ಬಸ್ಸೈತೇನು?" ಎಂದು ಪಕ್ಕದ ಚಾಪೆಯ ನೀಲಾ ಕೇಳಿದಾಗ ಜಬೀನಳೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಅವತ್ತಿನಿಂದ ಅವಳು ಇವರ ಮನೆಯ ಹುಡುಗಿಯೇ ಆದಳು. ಅವಳಿಗೆಂದು ಒಬ್ಬರು ರೊಟ್ಟಿಗೆ ನೆಂಚಿಕೊಳ್ಳಲು ಶೇಂಗಾ ಹಿಂಡಿ ತರುತ್ತಿದ್ದರು, ಒಬ್ಬರು ಗಟ್ಟಿ ಮೊಸರು ತೆಗೆದಿಡುತ್ತಿದ್ದರು.

ರಮಾಬಾಯಿ ಎಲ್ಲರಿಗಿಂತ ಮುಂದೆ ಚಾಪೆ ಹಾಸುತ್ತಿದ್ದಳು. ಆದರೆ ಮಲಗುತ್ತಿದ್ದದ್ದು ಕಡಿಮೆ. ಅವಳ ಕೈ ಸೊಟ್ಟಗಿದೆ, ಇವಳ ಮೊಣಕಾಲು ಏಳಲಿಲ್ಲ ಎಂದು ಇತರರನ್ನು ತಿದ್ದುವುದರಲ್ಲಿಯೇ ಹೊತ್ತು ಹೋಗುತ್ತಿತ್ತು. ಮನೆಯಲ್ಲಿಯೂ ದಿನಾ ಮಾಡಬೇಕು ಎಂದು ಜಬೀನ ಹೇಳಿದ್ದಳು. ಮನೆ ಎಂದರೆ ಎರಡು ಕೋಣೆ. ಮಗ, ಸೊಸೆ, ಸೊಸೆಯನ್ನು ನೋಡಲು ವಾರಕ್ಕೊಮ್ಮೆ ಬರುವ ಬೀಗರು. ಅವರೆದುರು ಈ ವಯಸ್ಸಿನಲ್ಲಿ ಅಂಗಾತ ಮಲಗಿ ಕಾಲೆತ್ತುವುದೇ? "ಮಾಡ್ತೀರಲ್ರಿ ಮನ್ಯಾಗ?" ಎಂದು ಜಬೀನ ಕೇಳಿದಾಗಲೆಲ್ಲ "ತಪ್ಪಸಂಗಿಲ್ಲವ್ವ" ಎನ್ನುತ್ತಿದ್ದಳು. ಇಷ್ಟು ಪ್ರೀತಿಯಿಂದ ಕೇಳುವವಳಿಗೆ ಇಲ್ಲ ಎನ್ನಲು ಬಾಯಿ ಬರಬೇಕಲ್ಲ.

ಮನಸ್ಸಿಟ್ಟು ಮಾಡಿದವಳು ಗಾಳೆವ್ವ. ಅವಳು ಮೆಣಸಗಿಯವಳು. ಹೊಳೆ ಬಂದು ಮನೆ ಬಿದ್ದ ಮೇಲೆ ರೋಣಕ್ಕೆ ಬಂದು ಬಾಡಿಗೆ ಕೋಣೆಯಲ್ಲಿದ್ದಳು. ಮಾತು ಕಡಿಮೆ, ಗಂಡ ಇಲ್ಲ. ಬಲಗೈ ಹೆಗಲಿನಿಂದ ಮೇಲಕ್ಕೆ ಏಳುತ್ತಿರಲಿಲ್ಲ. ತನ್ನ ತುರುಬು ತಾನು ಕಟ್ಟಿಕೊಳ್ಳಲು ಬರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಕೂದಲು ಬಿಚ್ಚಿಕೊಂಡೇ ಬಂದು ರಮಾಬಾಯಿಯ ಮುಂದೆ ಬೆನ್ನು ಹಾಕಿ ಕೂಡುತ್ತಿದ್ದಳು. ರಮಾಬಾಯಿ ಬೈಯುತ್ತ ಬಾಚುತ್ತಿದ್ದಳು, ಬಾಚುತ್ತ ಬೈಯುತ್ತಿದ್ದಳು. ಎರಡೂ ಅವಳಿಗೆ ಇಷ್ಟದ ಕೆಲಸವೇ.

ಕ್ಲಾಸು ಶುರುವಾಗಿ ಎರಡು ತಿಂಗಳಾಗಿರಬೇಕು, ಒಂದು ಬೆಳಿಗ್ಗೆ ಗಾಳೆವ್ವ ತುರುಬು ಕಟ್ಟಿಕೊಂಡೇ ಬಂದಳು.

"ಯಾರ ಕಟ್ಟಿದ್ರು?" ಎಂದಳು ರಮಾಬಾಯಿ.

"ನಾನ ಕಟ್ಟಕೊಂಡೆ, ಅಕ್ಕಾ."

"ಸೊಟ್ಟ ಆಗೈತಿ."

ನಿಜಕ್ಕೂ ಸೊಟ್ಟಗೇನೂ ಆಗಿರಲಿಲ್ಲ. ರಮಾಬಾಯಿಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ, ಸ್ವಲ್ಪ. ಆದರೆ ಅವತ್ತು ಪರಾತದಲ್ಲಿ ಹಿಟ್ಟು ನಾದುವಾಗ ಕೈಗೆ ಏನೋ ಕೆಲಸ ತಪ್ಪಿದಂತೆ ಅನಿಸುತ್ತಲೇ ಇತ್ತು.

ಕ್ಲಾಸು ಮುಗಿಯಿತು. ಕೊನೆಯ ಸಲ ಕೇಳಲು ಪ್ರಬುದ್ಧ ತಾನೇ ಬರಬೇಕಿತ್ತು, ಆದರೆ ಬೈಕಿನಿಂದ ಬಿದ್ದು ಕಾಲಿಗೆ ಪಟ್ಟಿ ಹಾಕಿಸಿಕೊಂಡಿದ್ದ. ಫೋನಿನಲ್ಲಿ ಕೇಳುತ್ತೇನೆ ಎಂದು ಸುದ್ದಿ ಕಳಿಸಿದ. ಕೇಂದ್ರದವರೆಲ್ಲ ಕೊಟ್ಟಿದ್ದದ್ದು ರಮಾಬಾಯಿಯ ನಂಬರು. ಹಿಂದಿನ ದಿನವೇ ರಮಾಬಾಯಿ ಎಲ್ಲರನ್ನೂ ಕೂಡಿಸಿಕೊಂಡಳು.

"ನಾಳೆ ಫೋನ್ ಬರ್ತೈತಿ. ಹತ್ತಕ್ಕ ಎಷ್ಟ ಕೊಡ್ತೀರಿ ಅಂತ ಕೇಳ್ತಾರಂತ. ಇದು ಆ ಹುಡುಗಿ ಪರೀಕ್ಷೆ, ತಿಳೀತಿಲ್ಲೋ? ಬಿಸಲಾಗ ನರಗುಂದದಿಂದ ಬಂದು ನಮ್ಮ ಕಾಲು ಕೈ ಹಿಡದು ಕಲಿಸ್ಯಾಳ. ಯಾರೂ ಕೈ ಬಿಗಿ ಹಿಡೀಬ್ಯಾಡ್ರಿ. ಹತ್ತಕ್ಕ ಹತ್ತು ಕೊಡ್ರಿ."

"ನೋವು ಎಷ್ಟ ಅಂತಲ್ಲೇನಕ್ಕಾ ಅವ್ರು ಕೇಳೋದು?" ಎಂದಳು ಗಾಳೆವ್ವ, ಮೆಲ್ಲಗೆ.

"ಸುಮ್ಮನಿರು, ನಿನಗ ಗೊತ್ತಾಗಂಗಿಲ್ಲ."

ಮರುದಿನ ಫೋನು ಬಂತು. ಸುತ್ತ ರೊಟ್ಟಿ ಬಡಿಯುವ ಸದ್ದು. ರಮಾಬಾಯಿ ಸ್ಪೀಕರ್ ಹಾಕಿ ಫೋನನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟಳು.

"ಲಕ್ಷ್ಯಗೊಟ್ಟ ಕೇಳ್ರಿ ಅಮ್ಮಾರ. ಸೊನ್ನೆಯಿಂದ ಹತ್ತರೊಳಗ ಒಂದು ಅಂಕಿ ಹೇಳ್ಬೇಕು. ಸೊನ್ನೆ ಅಂದ್ರ..."

"ಗೊತ್ತೈತ್ರಿ ಸರ. ಸೊನ್ನೆ ಅಂದ್ರೇನು, ಹತ್ತು ಅಂದ್ರೇನು, ನಾ ಎಲ್ಲಾರಿಗೂ ತಿಳಿಸಿ ಹೇಳೀನಿ. ನೀವು ಕೇಳ್ರಿ."

ಅವನಿಗೂ ಅಷ್ಟೇ ಬೇಕಾಗಿತ್ತೇನೋ. ಕಾಲು ನೋಯುತ್ತಿತ್ತು, ಇನ್ನೂ ಎಷ್ಟೋ ಮಂದಿಗೆ ಫೋನು ಹಚ್ಚಬೇಕಿತ್ತು. "ಚಲೋ ಆತ್ರಿ. ನಿಮ್ಮದು ಎಷ್ಟ್ರಿ?"

"ಹತ್ತು."

"ಅಷ್ಟ ಐತ್ರಿ?"

"ಅಷ್ಟೂ ಐತ್ರಿ. ಕಡಿಮಿ ಬರಕೋಬ್ಯಾಡ್ರಿ ಮತ್ತ."

ನೀಲಾ ಹತ್ತು ಎಂದಳು. ಅವಳ ಆಚೆಯವಳೂ ಹತ್ತು. ಹೀಗೆ ಹತ್ತುಗಳು ಸಾಲುಗಟ್ಟಿ ಹೋದವು. ಗಾಳೆವ್ವನ ಪಾಳಿ ಬಂದಾಗ ಅವಳು ಫೋನಿನ ಹತ್ತಿರ ಬಾಗಿ, "ನಂದು ಭಾಳ ಕಡಿಮಿ ಆಗೈತ್ರಿ ಸರ. ಇಲ್ಲಾ ಅಂದ್ರೂ..." ಎಂದಳು. ರಮಾಬಾಯಿ ಅವಳ ತೊಡೆಯನ್ನು ಗಟ್ಟಿಯಾಗಿ ಚಿವುಟಿದಳು. ಇನ್ನೊಂದು ಕೈಯಿಂದ ಫೋನನ್ನು ಮುಚ್ಚಿ, "ಹುಡುಗಿ ನಪಾಸಾಗ್ಲಿ ಅಂತ ಮಾಡೀಯೇನು?" ಎಂದು ಪಿಸುಗುಟ್ಟಿದಳು.

ಗಾಳೆವ್ವ ಅವಳ ಮುಖ ನೋಡಿದಳು. "ಹತ್ತ್ರಿ," ಎಂದಳು.

"ಈಗ ಕಡಿಮಿ ಅಂದ್ರಲ್ರಿ?"

"ಅಕಿಗೆ ಲೆಕ್ಕ ತಿಳಿಯಂಗಿಲ್ರಿ ಸರ," ಎಂದು ರಮಾಬಾಯಿ ನಡುವೆ ಬಾಯಿ ಹಾಕಿದಳು. "ಹತ್ತು ಬರಕೊಳ್ರಿ."

ಅವತ್ತು ಸಂಜೆ ರಮಾಬಾಯಿ ಮನೆಗೆ ಹೋಗುವಾಗ ಟೊಂಕದ ನೋವನ್ನೂ ಮರೆತು ನಡೆದಳು. ಒಬ್ಬ ಹುಡುಗಿಯನ್ನು ದಡ ಮುಟ್ಟಿಸಿದ ಸಮಾಧಾನ ಅವಳದು. ಸೊಸೆಗೆ ಹೇಳಿದಳು, ಬೀಗರಿಗೂ ಹೇಳಿದಳು.

ಜಬೀನ ಮತ್ತೆ ಬಂದದ್ದು ಮಳೆಗಾಲ ಹಿಡಿದ ಮೇಲೆ. ಬಾಗಿಲಲ್ಲಿ ನಿಂತವಳ ಮುಖದಲ್ಲಿ ನಗು ಇರಲಿಲ್ಲ. "ಪಾಸಾತಿಲ್ಲೋ ತಂಗಿ?" ಎಂದು ರಮಾಬಾಯಿ ಕೂತಲ್ಲಿಂದಲೇ ಕೂಗಿದಳು. ಜಬೀನ ಒಳಗೆ ಬಂದು ಅವಳೆದುರು ನೆಲಕ್ಕೇ ಕೂತು, ಹಿಟ್ಟು ಹತ್ತಿದ ಅವಳ ಎರಡೂ ಕೈ ಹಿಡಿದುಕೊಂಡಳು.

"ಅಕ್ಕಾರ, ನನ್ನ ಮಾಫ ಮಾಡ್ರಿ."

"ಯಾಕವ್ವ?"

"ನಾ ಏನೋ ತಪ್ಪು ಮಾಡಿಸೀನಿ. ನಿಮಗೆಲ್ಲಾ ನೋವು ಹೆಚ್ಚಾಗೈತಿ. ಒಬ್ಬರಿಗಲ್ಲ, ಎಲ್ಲಾರಿಗೂ. ತಾಳಲಾರದಷ್ಟು ನೋವು ಅಂತ ಹೇಳೀರಿ, ಹತ್ತಕ್ಕ ಹತ್ತು. ಗಜೇಂದ್ರಗಡದವ್ರಿಗೆ ನಾವೇನೂ ಮಾಡಿಸಿಲ್ಲ, ಅವ್ರು ಇದ್ದಂಗ ಅದಾರ. ನೀವು ಮಾತ್ರ..." ಅವಳು ಹಿಡಿದ ಕೈಗಳನ್ನು ಇನ್ನಷ್ಟು ಬಿಗಿಯಾಗಿ ಒತ್ತಿದಳು. "ರಾಜೂರಾಗ, ಹೊಳೆಆಲೂರಾಗ ಕ್ಲಾಸ್ ಶುರು ಆಗೋದಿತ್ತು. ಡಾಕ್ಟರು ನಿಲ್ಲಿಸ್ಯಾರ. ಅದು ಹೋಗ್ಲಿ. ಇಷ್ಟ ನೋವಿದ್ರೂ ನೀವು ನನ್ನ ಮುಂದ ಒಂದಿನಾನೂ ಹಾ ಅನ್ಲಿಲ್ಲ. ನಗಕೋತ ಮೊಸರು ಕೊಟ್ರಿ. ಅದನ್ನ ನೆನಸಿದ್ರ ನನಗ ನಾಚಿಕಿ ಬರ್ತೈತ್ರಿ."

ನಾಚಿಕೆ ಎಂದವಳು ಅವಳು. ಆದರೆ ಆ ಮಾತು ಹೋಗಿ ಕೂತದ್ದು ರಮಾಬಾಯಿಯ ಎದೆಯಲ್ಲಿ. ಹತ್ತು ಎಂದರೆ ತಾಳಲಾರದ ನೋವು. ಸೊನ್ನೆ ಎಂದರೆ ನೋವಿಲ್ಲ. ಪ್ರಬುದ್ಧ ಸೊನ್ನೆ ಅಂದ್ರ ಎಂದು ಬಾಯಿ ತೆಗೆದದ್ದು, ತಾನು ಅಲ್ಲಿಯೇ ತಡೆದದ್ದು ಎರಡೂ ಕಿವಿಯಲ್ಲಿ ಕೇಳಿದಂತಾಯಿತು. ಮುಖಕ್ಕೆ ಕಾವು ಏರಿತು. ಒಲೆಯ ಕಾವು ಎಂದು ಬೇರೆಯವರು ತಿಳಿದಿರಬಹುದು. ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು ಎಂದುಕೊಂಡಳು. ಸುತ್ತ ಅಷ್ಟೂ ಹೆಂಗಸರು ಬಡಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು. ಇವರೆದುರು, ತನಗೆ ತಿಳಿಯಲಿಲ್ಲ ಎಂದು ಹೇಳುವುದು ಹೇಗೆ? ಹಂಚಿನ ಮೇಲಿದ್ದ ರೊಟ್ಟಿ ಸೀದು ಹೊಗೆಯಾಡಿತು.

ಜಬೀನ ಕಣ್ಣೊರೆಸಿಕೊಂಡು ಎದ್ದು ಹೋದಳು. ಅವಳನ್ನು ಬಾಗಿಲ ತನಕ ಕಳಿಸಲು ಕೂಡ ರಮಾಬಾಯಿ ಏಳಲಿಲ್ಲ.

"ಅಕ್ಕಾ, ಹತ್ತು ಅಂದ್ರ ಚಲೋ ಅಂತ ನೀ ಹೇಳಿದ್ದಿ," ಎಂದಳು ನೀಲಾ.

"ಸುಮ್ಮನಿರ್ರಿ, ನಿಮಗ..." ಎಂದಳು ರಮಾಬಾಯಿ. ಮಾತು ಅಷ್ಟಕ್ಕೇ ನಿಂತಿತು. ಎದುರಿಗೆ ಗಾಳೆವ್ವ ಸಡಿಲಾದ ತುರುಬನ್ನು ಎರಡೂ ಕೈ ಮೇಲೆತ್ತಿ ಬಿಗಿಮಾಡಿಕೊಂಡು ಮತ್ತೆ ರೊಟ್ಟಿಗೆ ಕೈ ಹಾಕಿದಳು.

ಮರುದಿನ ರಮಾಬಾಯಿ ಕೆಲಸಕ್ಕೆ ಹೋಗಲಿಲ್ಲ. ಸೊಸೆಗೆ ದವಾಖಾನಿ ಎಂದು ಹೇಳಿ ನರಗುಂದದ ಬಸ್ಸು ಹತ್ತಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿದಳು. ಫೋನಿನಲ್ಲಿ ಸರಿಯಾಗಿ ಕೇಳಿಸಲಿಲ್ಲ ಎನ್ನಬಹುದು. ಆ ಹುಡುಗ ತಿಳಿಸಿ ಹೇಳಲಿಲ್ಲ ಎನ್ನಬಹುದು. ಮುಖಗಳ ರಟ್ಟು ತಂದಿದ್ದರೆ ಹೀಗಾಗುತ್ತಿತ್ತೇ ಎಂದು ಜೋರು ಕೂಡ ಮಾಡಬಹುದು. ಒಂದಕ್ಕಿಂತ ಒಂದು ಚೆನ್ನಾಗಿತ್ತು. ಇಳಿಯುವ ಹೊತ್ತಿಗೆ ಅವಳಿಗೆ ತನ್ನ ತಪ್ಪೇ ಇಲ್ಲವೇನೋ ಅನಿಸತೊಡಗಿತ್ತು.

ಜಬೀನಳ ತಾಯಿ ಬಾಗಿಲು ತೆಗೆದು, ಯಾರು ಎಂದು ತಿಳಿದೊಡನೆ ಒಳಗೆ ಕರೆದು ಚಾಪೆ ಹಾಸಿದಳು. "ನಿಮ್ಮ ಹೆಸರು ದಿನಾ ಹೇಳ್ತಾಳ್ರಿ. ಹತ್ತ ದಿನಾ ಆತು, ನೆಟ್ಟಗ ಉಣವಲ್ಲಳು. ನೀವರ ಒಂದ ಮಾತು ಹೇಳ್ರಿ," ಎಂದು ಚಹಾ ತಂದಿಟ್ಟಳು. ಆ ಚಹಾದ ಮುಂದೆ ರಮಾಬಾಯಿ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಕಳಚಿ ಬಿದ್ದವು.

ಜಬೀನ ಬಂದು ಕೂತಳು. ರಮಾಬಾಯಿ ಅವಳ ಮುಖ ನೋಡದೆ, ಚಹಾದ ಕಪ್ಪಿಗೆ ಹೇಳುವವಳಂತೆ ಹೇಳಿದಳು.

"ನಾನ ಎಲ್ಲಾರಿಗೂ ಹತ್ತು ಅನ್ಸಿದೆ. ಪರೀಕ್ಷೆ ಅಂದಿದ್ದಿ. ಮಾರ್ಕ್ಸ್ ಅಂತ ತಿಳದೆ. ನಿನ್ನ ಪಾಸ್ ಮಾಡಾಕ ಹೋಗಿದ್ದೆ ತಂಗಿ."

ಜಬೀನ ಮೊದಲು ನಕ್ಕಳು. ನಗುತ್ತಲೇ ಅವಳ ಕಣ್ಣಲ್ಲಿ ನೀರು ಬಂತು. ಆಮೇಲೆ ಎರಡೂ ನಿಂತು, ಮುಖ ಬಿಗಿಯಾಯಿತು.

"ಗಾಳೆವ್ವನೂ ಹತ್ತು ಅಂದಾರಲ್ರಿ. ಅವ್ರ ಕೈ ಹ್ಯಾಂಗೈತಿ?"

"ಮ್ಯಾಲ ಏಳ್ತೈತಿ. ತುರುಬು ತಾನ ಕಟ್ಟಕೋತಾಳ."

"ಅದು ನಿಮಗ ಗೊತ್ತಿತ್ತೇನ್ರಿ, ಅವತ್ತು?"

ಇದೊಂದು ಪ್ರಶ್ನೆ ಬಂದೀತೆಂದು ರಮಾಬಾಯಿ ಹಿಂದಿನ ರಾತ್ರಿಯಿಂದ ಹೆದರಿದ್ದಳು. "ಗೊತ್ತಿತ್ತು," ಎಂದಳು. "ಅಕಿ ಖರೇನ ಹೇಳಾಕತ್ತಿದ್ಲು. ನಾ ಚಿವುಟಿದೆ."

ಜಬೀನ ಬೈದಿದ್ದರೆ ರಮಾಬಾಯಿಗೆ ಹಗುರಾಗುತ್ತಿತ್ತು. ಹುಡುಗಿ ಎದ್ದು ಫೋನು ತಂದು ಡಾಕ್ಟರಿಗೆ ಹಚ್ಚಿ, ಎರಡು ಮಾತು ಹೇಳಿ ಇವಳ ಕೈಗೆ ಕೊಟ್ಟಳು. "ನೀವ ಹೇಳ್ರಿ."

ಅಧ್ಯಯನ ನಡೆಸುತ್ತಿದ್ದ ಅನಿತಾ ಡಾಕ್ಟರರ ದನಿ ಮೆತ್ತಗಿತ್ತು. ರಮಾಬಾಯಿ ಎರಡನೆಯ ಸಲ ಎಲ್ಲವನ್ನೂ ಹೇಳಿದಳು, ಚಿವುಟಿದ್ದನ್ನೂ ಬಿಡದೆ. ಅವರು ನಡುವೆ ತಡೆಯದೆ ಕೇಳಿ, ಆಮೇಲೆ ಹೇಳಿದರು.

"ಆ ಉತ್ತರ ಅಳಸಾಕ ಬರೂದಿಲ್ಲಮ್ಮಾರ. ಅವು ಹಾಂಗ ಇರ್ತಾವು, ಜೋಡಿಗೆ ಹಿಂಗಾತು ಅಂತಾನೂ ಬರೀತೀವಿ. ತಪ್ಪು ನಮ್ಮದೂ ಐತಿ, ಎಲ್ಲಾರ ನಡುವ ಒಂದ ಫೋನಿನ್ಯಾಗ ಕೇಳಬಾರದಿತ್ತು. ಇನ್ನೊಮ್ಮೆ ಬ್ಯಾರೇದವ್ರ ಕಡಿಂದ ಕೇಳಸ್ತೀನಿ, ಒಬ್ಬೊಬ್ಬರನ್ನ. ಅದನ್ನ ಬ್ಯಾರೆ ಇಡ್ತೀವಿ. ನಿಮ್ಮದು ಈಗ ನಾನ ಕೇಳ್ತೀನಿ. ಜಬೀನಾಗ ಹೊರಗ ಹೋಗಾಕ ಹೇಳ್ರಿ."

ಜಬೀನ ಪರದೆ ಸರಿಸಿ ಅಂಗಳಕ್ಕೆ ಹೋದಳು.

"ಸೊನ್ನೆ ಅಂದ್ರ ನೋವ ಇಲ್ಲ. ಹತ್ತು ಅಂದ್ರ ತಾಳಾಕ ಆಗಂಗಿಲ್ಲ. ಈಗ ಹೇಳ್ರಿ, ನಿಮ್ಮ ಟೊಂಕ ನೋವು ಎಷ್ಟೈತಿ?"

ಈ ಸಲ ಅವಳು ಪೂರ್ತಿ ಕೇಳಿಸಿಕೊಂಡಳು. ಸೊನ್ನೆ ಎಂದರಾಯಿತು. ಒಂದೇ ಮಾತು, ಹುಡುಗಿಗೆ ಆದ ಹಾನಿಯಲ್ಲಿ ಅಷ್ಟಾದರೂ ತುಂಬುತ್ತದೆ. ಮಾಡಿದ ಪಾಪ ಸ್ವಲ್ಪ ಕಳೆಯುತ್ತದೆ. ಸೊನ್ನೆ ನಾಲಿಗೆಯ ತುದಿಗೆ ಬಂದಿತ್ತು. ಬಸ್ಸಿನಲ್ಲಿ ಕೂತು ಬಂದ ಸೊಂಟ ಅದೇ ಹೊತ್ತಿಗೆ ಚುಳುಕ್ ಎಂದಿತು. ಮತ್ತೆ ಮಾರ್ಕ್ಸ್ ಕೊಡುತ್ತಿದ್ದೇನೆ ಎಂದು ಅವಳಿಗೆ ಅನಿಸಿತು. ಅವತ್ತು ತಿಳಿಯದೆ ಕೊಟ್ಟದ್ದು, ಇವತ್ತು ತಿಳಿದು ಕೊಡುವುದು.

"ಎಂಟು," ಎಂದಳು. "ಮೊದಲಿನಂಗ ಐತ್ರಿ. ಏನೂ ಕಡಿಮಿ ಆಗಿಲ್ಲ."

"ಮನ್ಯಾಗ ಮಾಡ್ತಿದ್ರೇನ್ರಿ?"

"ಇಲ್ರಿ. ಒಂದಿನಾನೂ ಮಾಡಿಲ್ಲ. ಮಾಡ್ತೀನಿ ಅಂತ ಹೇಳ್ತಿದ್ದೆ, ಅಷ್ಟ."

ಪರದೆ ಎಂದರೆ ಗೋಡೆಯಲ್ಲವಲ್ಲ. ರಮಾಬಾಯಿ ಹೊರಗೆ ಬಂದಾಗ ಜಬೀನ ಹೂವಿನ ಗಿಡದ ಡಬ್ಬಿಗೆ ನೀರು ಹಾಕುತ್ತ ಬೆನ್ನು ಮಾಡಿ ನಿಂತಿದ್ದಳು.

"ಮೊದಲ ಹೇಳಿದ್ರ ಆಗ್ತಿತ್ತಲ್ರಿ ಅಕ್ಕಾರ. ಮನ್ಯಾಗ ಮಾಡಾಕ ಆಗಂಗಿಲ್ಲ ಅಂದ್ರ ಬ್ಯಾರೆ ಏನರ ಕಲಸ್ತಿದ್ದೆ. ಕುಂತ ಮಾಡೂದು, ನಿಂತ ಮಾಡೂದು."

"ನಿನ್ನ ಮಾರಿ ನೋಡಿ ಹ್ಯಾಂಗ ಹೇಳ್ಲವ್ವ?"

"ನೀವು ಹೇಳ್ಲಿ ಅಂತನ ಅಲ್ಲೇನ್ರಿ ನಾ ಕೇಳ್ತಿದ್ದದ್ದು," ಎಂದಳು ಜಬೀನ. ದನಿಯಲ್ಲಿ ಸಿಟ್ಟಿತ್ತು. ಆದರೂ ಬಸ್ ನಿಲ್ದಾಣದ ತನಕ ಜೊತೆಗೆ ಬಂದು, ಕಿಟಕಿಯ ಪಕ್ಕ ಸೀಟು ಹಿಡಿದುಕೊಟ್ಟು ಹೋದಳು. ಅದು ರಮಾಬಾಯಿಗೆ ಬೈಗುಳಕ್ಕಿಂತ ಭಾರವಾಯಿತು.

ಕೇಂದ್ರದಲ್ಲಿ ಮರುದಿನ ಅವಳು ಎಲ್ಲರೆದುರು ಹೇಳಿದಳು. "ನನಗ ಗೊತ್ತಿರಲಿಲ್ಲ. ಗೊತ್ತೈತಿ ಅಂತ ನಿಮ್ಮ ಬಾಯಾಗ ಸುಳ್ಳು ಹಾಕಿದೆ." ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ನೀಲಾ ನಗಲು ಹೋಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರಮಾಬಾಯಿ ಸೊನ್ನೆ ಹತ್ತುಗಳನ್ನು ಬಿಡಿಸಿ ಹೇಳಲಿಲ್ಲ. ಕೇಳುವವರೇ ಹೇಳುತ್ತಾರೆ, ಪೂರ್ತಿ ಕೇಳಿರಿ ಎಂದಷ್ಟೇ ಅಂದಳು.

ಫೋನು ಬಂದಾಗ ಯಾರದೋ ಹೆಣ್ಣುದನಿ. ಮೊದಲ ಹೆಸರೇ ಗಾಳೆವ್ವನದು. ರಮಾಬಾಯಿ ಸ್ಪೀಕರ್ ಹಾಕಲಿಲ್ಲ. ಫೋನನ್ನು ಸೆರಗಿನಿಂದ ಒರೆಸಿ ಗಾಳೆವ್ವನ ಕೈಗೆ ಕೊಟ್ಟು, "ಹೊರಗ ಹೋಗಿ ಬೇವಿನ ಗಿಡದ ಕೆಳಗ ನಿಂತ ಮಾತಾಡು. ನಾ ಬರಂಗಿಲ್ಲ," ಎಂದಳು.

ಗಾಳೆವ್ವ ಹೋದಳು. ರಮಾಬಾಯಿ ಬಾಗಿಲಿಗೆ ಬೆನ್ನು ಹಾಕಿ ಕೂತು, ಆ ಕಡೆ ಕಿವಿ ಹೋಗದಂತೆ ಜೋರಾಗಿ ರೊಟ್ಟಿ ಬಡಿಯತೊಡಗಿದಳು. ಎರಡು ನಿಮಿಷವಾಗಿರಲಿಕ್ಕಿಲ್ಲ, ಬಾಗಿಲಲ್ಲಿ ನೆರಳು ಬಿತ್ತು. ಗಾಳೆವ್ವ ಫೋನನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಳು. ತುರುಬು ನೆಟ್ಟಗಿತ್ತು. ಚಿವುಟಿಸಿಕೊಂಡ ತೊಡೆಯ ಮೇಲೆ ಇನ್ನೊಂದು ಕೈ ತಾನಾಗಿಯೇ ಹೋಗಿ ಕೂತಿತ್ತು.

"ಅಕ್ಕಾ," ಎಂದಳು, "ಈ ಸಲ ಎಷ್ಟ ಅನ್ಲಿ?"

ರಮಾಬಾಯಿಯ ಕೈ ರೊಟ್ಟಿಯ ಮೇಲೆಯೇ ನಿಂತಿತು. ಅವಳಿಗೆ ತಲೆ ಎತ್ತಿ ನೋಡಲು ಆಗಲಿಲ್ಲ.